ಜೋಡಿ ಬೆಳವಕ್ಕಿ ಮತ್ತು ನಮ್ಮ ಮನೆಯ ಲೆಕ್ಕ



ಫೆಬ್ರವರಿ 2ರಂದು ಧರ್ಮಸಭೆಯು ಪ್ರಭು ಯೇಸುವಿನ ಸಮರ್ಪಣೆಯ ಹಬ್ಬವನ್ನು ಆಚರಿಸುತ್ತದೆ. ಅದು ಕ್ರಿಸ್ತಜಯಂತಿಯ ನಲವತ್ತನೆಯ ದಿನ. ಅಂದು ದೇವಾಲಯದ ಬಾಗಿಲ ಬಳಿ ಮೇಣದ ಬತ್ತಿಗಳನ್ನು ಆಶೀರ್ವದಿಸಿ, ಹೊತ್ತಿಸಿದ ಬತ್ತಿಗಳನ್ನು ಕೈಯಲ್ಲಿ ಹಿಡಿದು ಮೆರವಣಿಗೆಯಲ್ಲಿ ಒಳಗೆ ಬರುತ್ತೇವೆ. ಪ್ರಬೋಧನೆಯಲ್ಲಿ ವೃದ್ಧ ಸಿಮೆಯೋನರ ಬಗ್ಗೆ, ಪ್ರವಾದಿನಿ ಅನ್ನಮ್ಮನವರ ಬಗ್ಗೆ, ಮಾತೆ ಮರಿಯಮ್ಮನವರ ಹೃದಯವನ್ನು ಇರಿಯಲಿದ್ದ ಅಲಗಿನ ಬಗ್ಗೆ ಕೇಳುತ್ತೇವೆ. ಆದರೆ ಅಂದಿನ ಶುಭಸಂದೇಶದ ಮೊದಲ ಸಾಲುಗಳಲ್ಲೇ ಒಂದು ಸಣ್ಣ ವಿವರವಿದೆ. ಮಗುವಿನೊಡನೆ ಜೆರುಸಲೇಮಿನ ಮಹಾದೇವಾಲಯಕ್ಕೆ ಬಂದ ತಂದೆತಾಯಿ ಕಾಣಿಕೆಯಾಗಿ ಅರ್ಪಿಸಬೇಕಾದದ್ದು ಒಂದು ಜೋಡಿ ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿಗಳು ಎಂದು ಸಂತ ಲೂಕರು ಬರೆಯುತ್ತಾರೆ (ಲೂಕ 2:24). ನಾವು ಆ ಮಾತನ್ನು ಕೇಳುತ್ತೇವೆ, ಮುಂದಕ್ಕೆ ಹೋಗುತ್ತೇವೆ. ಈ ಬಾರಿ ಅಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ.

ಲೂಕರು ಉಲ್ಲೇಖಿಸುವ ನಿಯಮ ಯಾಜಕಕಾಂಡದ 12ನೆಯ ಅಧ್ಯಾಯದಲ್ಲಿದೆ. ಗಂಡು ಮಗು ಹುಟ್ಟಿ ನಲವತ್ತು ದಿನಗಳಾದ ಮೇಲೆ ತಾಯಿಯು ದಹನಬಲಿಗಾಗಿ ಒಂದು ವರ್ಷದ ಕುರಿಮರಿಯನ್ನೂ ದೋಷಪರಿಹಾರಕ್ಕಾಗಿ ಒಂದು ಹಕ್ಕಿಯನ್ನೂ ತರಬೇಕು. ಅದೇ ಅಧ್ಯಾಯದ ಕೊನೆಯ ವಾಕ್ಯ ಇನ್ನೊಂದು ದಾರಿಯನ್ನು ತೋರಿಸುತ್ತದೆ: ಕುರಿಮರಿ ತರುವಷ್ಟು ಅನುಕೂಲವಿಲ್ಲದವಳು ಎರಡು ಹಕ್ಕಿಗಳನ್ನು ತಂದರೆ ಸಾಕು, ಅವಳ ಕಾಣಿಕೆಯೂ ಪೂರ್ಣವೇ. ಅಂದರೆ ದೇವರ ನಿಯಮದಲ್ಲೇ ಉಳ್ಳವರಿಗೊಂದು, ಇಲ್ಲದವರಿಗೊಂದು ಎಂದು ಎರಡು ಅಳತೆಗಳಿದ್ದವು. ಮರಿಯಮ್ಮನವರೂ ಸಂತ ಜೋಸೆಫರೂ ಬಡವರ ಅಳತೆಯನ್ನು ತಮ್ಮದನ್ನಾಗಿ ಮಾಡಿಕೊಂಡರು.

ಇದರಲ್ಲಿ ವಿಶೇಷವೇನು ಎಂದು ಕೇಳಬಹುದು. ಯೋಚಿಸಿ ನೋಡೋಣ. ಇದು ಚೊಚ್ಚಲ ಮಗು. ದೇವದೂತನೇ ಬಂದು ತಿಳಿಸಿದ ಮಗು. ಬೆತ್ಲೆಹೇಮ್ ಜೆರುಸಲೇಮಿಗೆ ಹತ್ತಿರ. ಜೋಸೆಫರು ದಾವೀದನ ವಂಶದವರು. ಇಂಥ ಮಗುವಿಗಾಗಿ ಒಂದು ಕುರಿಮರಿಯನ್ನಾದರೂ ಎಲ್ಲಿಂದಲೋ ಹೊಂದಿಸೋಣ, ಆಮೇಲೆ ಹೇಗೋ ತೀರಿಸೋಣ ಎಂದು ಒಬ್ಬ ತಂದೆಗೆ ಅನ್ನಿಸಿದರೆ ಅದು ಸಹಜವಲ್ಲವೇ? ಕುರಿಮರಿ ಹಿಡಿದವರು ಪಕ್ಕದಲ್ಲಿ ನಿಂತಿರುವಾಗ ಹಕ್ಕಿಗಳನ್ನು ಹಿಡಿದು ನಿಲ್ಲುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು! ಲೋಕರಕ್ಷಕನ ತಂದೆತಾಯಿ ಹಾಗೆಯೇ ನಿಂತರು. (ಮೂವರು ಜ್ಞಾನಿಗಳು ತಂದ ಚಿನ್ನ ಏನಾಯಿತು ಎಂದು ಧರ್ಮೋಪದೇಶದ ತರಗತಿಯ ಮಕ್ಕಳು ಕೇಳುವುದುಂಟು. ಒಳ್ಳೆಯ ಪ್ರಶ್ನೆಯೇ. ಜ್ಞಾನಿಗಳ ಕಥೆ ಇರುವುದು ಮತ್ತಾಯನ ಶುಭಸಂದೇಶದಲ್ಲಿ, ಅವರು ಬಂದದ್ದು ಇದಕ್ಕೆ ಮುಂಚೆಯೋ ಅನಂತರವೋ ಎಂದು ಅಲ್ಲಿ ಹೇಳಿಲ್ಲ. ಚಿನ್ನ ಆಗಲೇ ಬಂದಿದ್ದರೂ ಈಜಿಪ್ಟಿನ ದಾರಿಖರ್ಚಿಗೆ ಅದು ಬೇಕಾಗಿತ್ತು ಎಂದುಕೊಳ್ಳೋಣ!)

ಹಣಕಾಸಿನ ವಿಷಯದಲ್ಲಿ ಕ್ರೈಸ್ತ ಸಂಯಮ ಎಂದರೆ ಏನು ಎಂಬುದಕ್ಕೆ ಈ ಜೋಡಿ ಹಕ್ಕಿಗಳಿಗಿಂತ ಒಳ್ಳೆಯ ಉದಾಹರಣೆ ನಮಗೆ ಕಾಣುವುದಿಲ್ಲ. ತಪಸ್ಸುಕಾಲ ಹತ್ತಿರ ಬರುತ್ತಿರುವ ಈ ದಿನಗಳಲ್ಲಿ, ಮತ್ತು ಬೇಸಿಗೆಯ ಮದುವೆಗಳು, ಪ್ರಥಮ ಪರಮಪ್ರಸಾದದ ಹಬ್ಬಗಳು, ಊರ ತೇರುಗಳು ಸಾಲಾಗಿ ಬರುವ ಮುನ್ನ, ಇದನ್ನು ಮನೆಮಂದಿಯೆಲ್ಲ ಕುಳಿತು ಯೋಚಿಸುವುದು ಒಳ್ಳೆಯದು.

ಸಂಯಮವೆಂದರೆ ಜಿಪುಣತನವೇ?

ಪವಿತ್ರಾತ್ಮರ ಫಲಗಳನ್ನು ಎಣಿಸುವಾಗ ಸಂತ ಪೌಲರು ಪ್ರೀತಿಯಿಂದ ಆರಂಭಿಸಿ ಸಂಯಮದಿಂದ ಮುಗಿಸುತ್ತಾರೆ (ಗಲಾತ್ಯ 5:22-23). ಅಲ್ಲಿ ಅವರು ಬಳಸುವ ಗ್ರೀಕ್ ಪದ 'ಎಂಕ್ರಾತೇಯಾ'. ಹಿಡಿತ, ಬಲ ಎಂಬ ಅರ್ಥದ ಪದದಿಂದ ಅದು ಹುಟ್ಟಿದೆ. ಓಟದ ಪಂದ್ಯಕ್ಕೆ ತಯಾರಾಗುವವನ ಶಿಸ್ತನ್ನು ಹೇಳುವಾಗಲೂ ಪೌಲರು ಅದೇ ಪದದ ಕ್ರಿಯಾರೂಪವನ್ನು ಬಳಸುತ್ತಾರೆ (1 ಕೊರಿಂಥ 9:25). ಓಟಗಾರನು ಬಾಯಿ ಕಟ್ಟುವುದು ಊಟದ ಮೇಲಿನ ದ್ವೇಷದಿಂದಲ್ಲ. ಅವನಿಗೆ ಓಡಬೇಕಾಗಿದೆ, ಅದಕ್ಕೆ ಮೈ ಹಗುರವಾಗಿರಬೇಕು.

ಆದುದರಿಂದ ಸಂಯಮವನ್ನು ಜಿಪುಣತನದೊಡನೆ ಬೆರೆಸಬಾರದು. ಸಂತ ಥಾಮಸ್ ಅಕ್ವಿನಾಸರು ಹಣದ ವಿಷಯದಲ್ಲಿ ಉದಾರತೆಯೆಂಬ ಸದ್ಗುಣದ ಎರಡೂ ಕಡೆ ಒಂದೊಂದು ದೋಷವನ್ನು ತೋರಿಸುತ್ತಾರೆ. ಒಂದು ಕಡೆ ಲೋಭ, ಇನ್ನೊಂದು ಕಡೆ ದುಂದುಗಾರಿಕೆ. ಎರಡರಲ್ಲಿ ಲೋಭವೇ ಹೆಚ್ಚು ಕೆಟ್ಟದ್ದು ಎಂಬುದು ಅವರ ತೀರ್ಪು. ಕಣಜಗಳನ್ನು ಒಡೆದು ದೊಡ್ಡದಾಗಿ ಕಟ್ಟಿಸಲು ಹೊರಟ ಧನಿಕನನ್ನು ಯೇಸುಸ್ವಾಮಿ ಮೂರ್ಖನೆಂದರು (ಲೂಕ 12:16-21). ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಅವರೇ ಅದನ್ನು ಧಾರಾಳವಾಗಿ ಒದಗಿಸಿದರು. ಹಬ್ಬ ಮಾಡುವುದು ಪಾಪವಲ್ಲ. ನಾಲ್ಕು ಜನ ಸೇರಿ ಉಣ್ಣುವುದು ಪಾಪವಲ್ಲ. ಬಿರಿಯಾನಿಯ ಮೇಲೆ ನಮಗೇನೂ ಹಗೆಯಿಲ್ಲ.

ಉಳಿತಾಯ ಮಾಡುವುದು ದೇವರ ಮೇಲಿನ ಅಪನಂಬಿಕೆ ಎಂದು ಕೆಲವರು ಹೇಳುವುದನ್ನೂ ಕೇಳಿದ್ದೇವೆ. ಮನ್ನಾದ ಕಥೆಯನ್ನು ಅವರು ಅರ್ಧ ಮಾತ್ರ ಓದಿದ್ದಾರೆ. ಮರುಭೂಮಿಯಲ್ಲಿ ಇಸ್ರಯೇಲರು ಆಯಾ ದಿನಕ್ಕೆ ಬೇಕಾದಷ್ಟೇ ಮನ್ನಾ ಕೂಡಿಸಿಕೊಳ್ಳಬೇಕಿತ್ತು. ನಾಳೆಗೆಂದು ಇಟ್ಟವರದು ಹುಳಬಿದ್ದು ನಾರಿತು. ಆದರೆ ಆರನೆಯ ದಿನ ಎರಡು ಪಾಲು ಕೂಡಿಸಿ, ಸಬ್ಬತ್ ದಿನಕ್ಕಾಗಿ ಎತ್ತಿಡಬೇಕೆಂಬುದೂ ದೇವರ ಆಜ್ಞೆಯೇ ಆಗಿತ್ತು. ಅದು ಕೆಡಲಿಲ್ಲ (ವಿಮೋಚನಕಾಂಡ 16). ಗೊತ್ತಿರುವ ನಾಳೆಗಾಗಿ ಎತ್ತಿಡುವುದು ವಿಧೇಯತೆ. ಅಂಜಿಕೆಯಿಂದ ಬಾಚಿಕೊಳ್ಳುವುದು ಬೇರೆ.

ಒಂದು ಹಬ್ಬದ ಲೆಕ್ಕ

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಂದೆ ಆಟೋ ಓಡಿಸುತ್ತಾರೆ, ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಇಬ್ಬರದೂ ಸೇರಿ ತಿಂಗಳಿಗೆ 28,000 ರೂಪಾಯಿ. ಬಾಡಿಗೆ, ದಿನಸಿ, ಶಾಲೆ, ಔಷಧಿ ಎಲ್ಲ ಕಳೆದು ಬಿಗಿಯಾಗಿ ಹಿಡಿದರೆ 4,000 ಉಳಿಯುತ್ತದೆ. ಮೂರನೇ ತರಗತಿಯ ಮಗಳಿಗೆ ಪ್ರಥಮ ಪರಮಪ್ರಸಾದ. ಅಕ್ಕನ ಮಗನ ಹಬ್ಬವನ್ನು ಹೋದ ವರ್ಷ ದೊಡ್ಡದಾಗಿ ಮಾಡಿದ್ದಾರೆ. ಇವರೂ 250 ಜನಕ್ಕೆ ಊಟ ಹಾಕಿಸುತ್ತಾರೆ. ಎಲೆಗೆ 250 ರೂಪಾಯಿಯಂತೆ 62,500 ಆಯಿತು. ಹಾಲ್, ಶಾಮಿಯಾನಕ್ಕೆ 20,000. ಮಗುವಿನ ಗೌನು, ಫೋಟೋ, ವೀಡಿಯೋ, ಬೀದಿ ತುದಿಯ ಫ್ಲೆಕ್ಸ್, ಬಂದವರಿಗೆ ಉಡುಗೊರೆಗೆ 17,500. ಒಟ್ಟು ಒಂದು ಲಕ್ಷ. ಕೈಯಲ್ಲಿ ಇಲ್ಲ. ಪರಿಚಯದವರ ಹತ್ತಿರ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತರುತ್ತಾರೆ. ನೂರಕ್ಕೆ ಮೂರು ತಾನೇ, ಏನು ಮಹಾ!

ಆ ಮೂರು ರೂಪಾಯಿ ತಿಂಗಳಿಗೆ. ವರ್ಷಕ್ಕೆ ನೂರಕ್ಕೆ 36. ಮೊದಲ ತಿಂಗಳ ಬಡ್ಡಿಯೇ 3,000. ಉಳಿಸುವ 4,000ವನ್ನು ಪೂರ್ತಿ ಕಟ್ಟಿದರೂ ಅಸಲಿಗೆ ಹೋಗುವುದು ಒಂದೇ ಸಾವಿರ. ಒಂದು ತಿಂಗಳೂ ತಪ್ಪದೆ ಕಟ್ಟುತ್ತಾ ಹೋದರೆ ಸಾಲ ತೀರುವುದಕ್ಕೆ 47 ತಿಂಗಳು ಬೇಕು. ಕಟ್ಟಿದ ಹಣ ಸುಮಾರು 1,88,000 ರೂಪಾಯಿ. ಮೂರನೇ ತರಗತಿಯಲ್ಲಿ ಪರಮಪ್ರಸಾದ ಸ್ವೀಕರಿಸಿದ ಮಗು ಏಳನೇ ತರಗತಿ ಮುಗಿಸುವವರೆಗೆ ಆ ಮನೆ ಒಂದು ಮಧ್ಯಾಹ್ನದ ಊಟಕ್ಕೆ ಹಣ ಕಟ್ಟುತ್ತಿರುತ್ತದೆ. ಇದೂ ನಡುವೆ ಯಾರಿಗೂ ಜ್ವರ ಬರದಿದ್ದರೆ, ಆಟೋ ಕೆಡದಿದ್ದರೆ. ಬಂದರೆ, ಕೆಟ್ಟರೆ, ಎರಡನೆಯ ಸಾಲ. ಎರಡನೆಯದನ್ನು ತೀರಿಸಲು ತಾಯಿಯ ಸರ ಗಿರವಿ ಅಂಗಡಿಗೆ. ಅದನ್ನು ಬಿಡಿಸಲು ಸಂಘದಲ್ಲಿ ಇನ್ನೊಂದು ಸಾಲ.

ಉಡುಗೊರೆಯ ಲಕೋಟೆಗಳು ಬರುತ್ತವಲ್ಲ ಎಂದು ಹೇಳುವಿರಿ. ಬರುತ್ತವೆ, ಆದರೆ ಅವೂ ಒಂದು ಬಗೆಯ ಸಾಲವೇ ಎಂಬುದು ಮುಯ್ಯಿ ಪುಸ್ತಕ ಇಟ್ಟಿರುವ ಹಿರಿಯರಿಗೆಲ್ಲ ಗೊತ್ತು. ಬರೆದುಕೊಂಡದ್ದನ್ನು ಮುಂದಿನ ಹಬ್ಬಕ್ಕೆ ಹಿಂದಿರುಗಿಸಬೇಕು.

ಆ ಮಗು ಅಂದು ಸ್ವೀಕರಿಸಿದ್ದು ಏನನ್ನು? ಪ್ರಭುವಿನ ಶರೀರವನ್ನು. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಒಂದು ಬಿಳಿ ಅಂಗಿ, ಮನೆಯಲ್ಲಿ ಅಜ್ಜಿ ಮಾಡಿದ ಪಾಯಸ, ತೊಟ್ಟಿಲು ತೂಗಿದ ಹತ್ತಿರದ ನೆಂಟರು ಸಾಕಿತ್ತು. ಎಲ್ಲ ಮಕ್ಕಳೂ ಒಂದೇ ಬಗೆಯ ಸರಳ ಬಿಳಿ ನಿಲುವಂಗಿ ಧರಿಸಬೇಕೆಂದು ಧರ್ಮಕೇಂದ್ರಗಳೇ ತೀರ್ಮಾನಿಸುವುದುಂಟು. ಇದು ಒಳ್ಳೆಯ ತೀರ್ಮಾನ. ಒಂದು ಮನೆ ಒಂಟಿಯಾಗಿ ನಿಂತು ಹೇಳಲಾಗದ 'ಬೇಡ'ವನ್ನು ಸಮುದಾಯ ಒಟ್ಟಾಗಿ ಹೇಳಿದರೆ ಬಡವರ ಹೆಗಲು ಹಗುರವಾಗುತ್ತದೆ. ಹಾಗೆ ನೋಡಿದರೆ ಧರ್ಮಕೇಂದ್ರದ ಹಬ್ಬದ ದೀಪಾಲಂಕಾರ, ಪಟಾಕಿ, ಬ್ಯಾಂಡಿನ ಖರ್ಚನ್ನೂ ಪಾಲನಾ ಪರಿಷತ್ತು ಇದೇ ಕಣ್ಣಿನಿಂದ ನೋಡಬೇಕು. ಮನೆಗೊಂದು ನ್ಯಾಯ, ದೇವಾಲಯಕ್ಕೊಂದು ನ್ಯಾಯ ಆಗದು.

ನಮ್ಮ ಕಥೋಲಿಕ ಬೈಬಲಿನಲ್ಲಿ ಸಿರಾಖನ ಗ್ರಂಥವಿದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಆ ಜ್ಞಾನಿ, ಜೇಬಿನಲ್ಲಿ ಏನೂ ಇಲ್ಲದಿರುವಾಗ ಸಾಲದ ಹಣದಿಂದ ಔತಣ ಮಾಡಿ ಭಿಕಾರಿಯಾಗಬೇಡ ಎಂಬ ಅರ್ಥದ ಎಚ್ಚರಿಕೆ ಕೊಡುತ್ತಾನೆ (ಸಿರಾಖ 18:33). ಎರಡು ಸಾವಿರ ವರ್ಷಗಳ ಹಿಂದೆಯೂ ಇದೇ ಕಥೆ ಇತ್ತೆಂದಾಯಿತು. ಮನೆಗಳನ್ನು ಆಶೀರ್ವದಿಸಲು ಹೋದಾಗ ನಾವು ಈ ಮಾತೆತ್ತಿದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: "ಫಾದರ್, ನೀವು ಹೇಳೋದು ಸರಿ. ಆದರೆ ನೆಂಟರು ಏನಂದ್ಕೊಳ್ತಾರೆ?" ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಾನವಾಗಿ ಬದುಕಬೇಕೆಂಬ ಆಸೆ ಬಡವರಿಗೇ ಹೆಚ್ಚು, ಏಕೆಂದರೆ ಅವರ ಬಳಿ ಕಳೆದುಕೊಳ್ಳಲು ಇರುವುದು ಅದೊಂದೇ. ಆದರೆ ಜೋಸೆಫರೂ ಮರಿಯಮ್ಮನವರೂ ಮಾನವಂತರಾಗಿಯೇ ಇದ್ದರು, ಕೈಯಲ್ಲಿ ಎರಡು ಹಕ್ಕಿಗಳಿದ್ದವು ಅಷ್ಟೆ.

ಸಾಲ ಬೆಳೆಯುವ ಬಗೆ

ಸಾಲದ ಬಗ್ಗೆ ಸರ್ವಜ್ಞನ ತ್ರಿಪದಿ ಕನ್ನಡಿಗರಿಗೆಲ್ಲ ಬಾಯಿಪಾಠ. ಧರ್ಮಸಭೆಯ ಪಿತಾಮಹರಲ್ಲಿ ಒಬ್ಬರಾದ ಸಂತ ಬಸಿಲಿಯರು ಅದೇ ಅನುಭವವನ್ನು ನಾಲ್ಕನೆಯ ಶತಮಾನದಲ್ಲೇ ಬಣ್ಣಿಸಿದ್ದಾರೆ. ಇವರು ಇಂದಿನ ಟರ್ಕಿ ದೇಶದಲ್ಲಿದ್ದ ಸೆಜರೇಯಾದ ಧರ್ಮಾಧ್ಯಕ್ಷರು. ಹದಿನಾಲ್ಕನೆಯ ಕೀರ್ತನೆಯ ಮೇಲೆ (ಹೀಬ್ರೂ ಎಣಿಕೆಯಲ್ಲಿ 15) ಬಡ್ಡಿಯ ವಿರುದ್ಧ ಒಂದು ಪ್ರಬೋಧನೆ ಕೊಟ್ಟರು. ಬಡ್ಡಿ ತಿನ್ನುವವರನ್ನು ಅವರು ಕಟುವಾಗಿ ಬೈಯುತ್ತಾರೆ, ಅದು ನಿರೀಕ್ಷಿತವೇ. ಆಮೇಲೆ ಅವರು ಸಾಲ ಕೇಳಲು ಹೊರಟವನ ಕಡೆಗೆ ತಿರುಗುತ್ತಾರೆ. ಸಾಲ ತಂದ ಹೊಸದರಲ್ಲಿ ಅವನ ಮುಖ ಅರಳಿರುತ್ತದೆ, ಊಟ ಬದಲಾಗುತ್ತದೆ, ಬಟ್ಟೆ ಬದಲಾಗುತ್ತದೆ. ತಿಂಗಳುಗಳು ಉರುಳಿದಂತೆ ನಿದ್ದೆ ಹೋಗುತ್ತದೆ. ಬಾಗಿಲು ಬಡಿದರೆ ಅವನು ಮಂಚದ ಕೆಳಗೆ. ನಾಯಿ ಬೊಗಳಿದರೆ ಮೈಯೆಲ್ಲ ಬೆವರು. ನಮ್ಮ ಕಾಲದಲ್ಲಿ ನಾಯಿಯ ಜಾಗಕ್ಕೆ ಗೊತ್ತಿಲ್ಲದ ನಂಬರಿನಿಂದ ಬರುವ ಫೋನ್ ಬಂದಿದೆ, ಮಿಕ್ಕದ್ದೆಲ್ಲ ಹಾಗೆಯೇ ಇದೆ. ಪಾತ್ರೆ ಮಾರು, ಬಟ್ಟೆ ಮಾರು, ದನ ಮಾರು, ನಿನ್ನ ಸ್ವಾತಂತ್ರ್ಯವನ್ನು ಮಾತ್ರ ಮಾರಬೇಡ ಎಂಬುದು ಬಸಿಲಿಯರ ಸಲಹೆಯ ಸಾರ. ಇರುವೆ, ಜೇನುಹುಳಗಳು ಸಾಲವಿಲ್ಲದೆ ಬದುಕುವುದನ್ನು ನೋಡು ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಬಡ್ಡಿಗೂ ಸಂತಾನಕ್ಕೂ 'ತೋಕೋಸ್' ಎಂಬ ಒಂದೇ ಪದ. ಅದನ್ನು ಹಿಡಿದು ಅವರು ಬಡ್ಡಿಯನ್ನು ಮೊಲಕ್ಕೆ ಹೋಲಿಸುತ್ತಾರೆ: ಒಂದು ಕಡೆ ಮರಿಗೆ ಹಾಲೂಡಿಸುತ್ತಿರುವಾಗಲೇ ಇನ್ನೊಂದು ಮರಿ ಹಾಕುವ ಪ್ರಾಣಿ.

ಮೊಲದ ಮರಿಗಳು ಈಗ ಒಳ್ಳೆಯ ಬಟ್ಟೆ ಹಾಕಿಕೊಂಡು ಬರುತ್ತವೆ. ಅವುಗಳ ಗುರುತು ನಮಗಿರಬೇಕು. ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಪೂರ್ತಿ ಕಟ್ಟದೆ 'ಕನಿಷ್ಠ ಮೊತ್ತ' ಮಾತ್ರ ಕಟ್ಟುತ್ತಾ ಹೋದರೆ ಬಹುತೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇಕಡಾ 3ರಿಂದ 3.75ರವರೆಗೆ ಬಡ್ಡಿ ಬೀಳುತ್ತದೆ. ಊರಿನ ಬಡ್ಡಿ ಅಂಗಡಿಯವನದೂ ಅದೇ ದರವಲ್ಲವೇ! ಆದರೂ ಅವನ ಮುಂದೆ ತಲೆತಗ್ಗಿಸಿ ನಿಲ್ಲುವ ನಾವು ಕಾರ್ಡನ್ನು ಹೆಮ್ಮೆಯಿಂದ ತೋರಿಸುತ್ತೇವೆ. ಇನ್ನೊಂದು, 'ಫ್ಲಾಟ್' ದರದ ಲೆಕ್ಕ. ಒಂದು ಲಕ್ಷ ಸಾಲ, ಎರಡು ವರ್ಷ, ವರ್ಷಕ್ಕೆ ಬರೀ ಶೇಕಡಾ 12 ಎಂದು ಹೇಳುತ್ತಾರೆ. ಬಡ್ಡಿ 24,000 ಸೇರಿಸಿ 24 ಕಂತು ಮಾಡುತ್ತಾರೆ, ಕಂತು 5,167 ರೂಪಾಯಿ. ಆದರೆ ಪ್ರತಿ ಕಂತಿನಲ್ಲೂ ನಾವು ಅಸಲನ್ನು ಹಿಂದಿರುಗಿಸುತ್ತಿದ್ದೇವೆ, ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಲಕ್ಷದ ಮೇಲೆಯೇ ನಡೆಯುತ್ತಿದೆ. ಕಡಿಮೆಯಾಗುತ್ತಾ ಹೋಗುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ ಶೇಕಡಾ 21ಕ್ಕಿಂತ ಹೆಚ್ಚು. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕು, ವೈಯಕ್ತಿಕ ಸಾಲ ಕೊಡುವ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳು ಸಾಲದ ಮುಖ್ಯ ವಿವರಗಳನ್ನೆಲ್ಲ, ಎಲ್ಲ ಶುಲ್ಕ ಸೇರಿದ ನಿಜವಾದ ವಾರ್ಷಿಕ ದರವನ್ನೂ, ಒಂದು ಹಾಳೆಯಲ್ಲಿ ಬರೆದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ಕಡ್ಡಾಯ ಮಾಡಿದೆ. ಆ ಹಾಳೆಯನ್ನು ಕೇಳಿ. ಕನ್ನಡದಲ್ಲಿ ಕೇಳಿ. ಕೊಡಲು ಹಿಂದೇಟು ಹಾಕುವವರ ಹತ್ತಿರ ಸಹಿ ಹಾಕಬೇಡಿ.

ಮೊಬೈಲಿನಿಂದ ಹಣ ಕಳಿಸುವುದು 2016ರಿಂದೀಚೆಗೆ ಸುಲಭವಾಗಿದೆ, ಉಪಯೋಗವೂ ಬಹಳ. ಆದರೆ ನೋಟು ಕೈಬಿಟ್ಟು ಹೋಗುವಾಗ ಮನಸ್ಸಿಗೆ ಆಗುತ್ತಿದ್ದ ಸಣ್ಣ ನೋವು ಈಗ ಆಗುವುದಿಲ್ಲ. ಆ ನೋವೂ ಒಂದು ಕಾವಲಾಗಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ; 2025ರ ಆಗಸ್ಟಿನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾನೂನು ಮಾಡಿತು. ಆದರೂ ಬಾಜಿ ಕಟ್ಟುವ ಚಟ ಕಾನೂನಿನಿಂದ ಮಾತ್ರ ಹೋಗುವುದಿಲ್ಲವೆಂದು ಎಲ್ಲರಿಗೂ ಗೊತ್ತು. ತನಗೂ ತನ್ನವರಿಗೂ ಅಗತ್ಯವಾದದ್ದನ್ನು ಕಸಿದುಕೊಳ್ಳುವಂತಾದಾಗ ಜೂಜು ನೈತಿಕವಾಗಿ ಒಪ್ಪತಕ್ಕದ್ದಲ್ಲ ಎಂಬುದು ಧರ್ಮಸಭೆಯ ಧರ್ಮೋಪದೇಶ ಗ್ರಂಥದ ನಿಲುವು (2413). ಮಗನ ಫೋನಿನಲ್ಲಿ ಏನಿದೆ ಎಂದು ತಾಯಂದಿರು ಪ್ರೀತಿಯಿಂದಲೇ ವಿಚಾರಿಸಲಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸಾಲ ಮಾಡಿದವರೆಲ್ಲ ಸಂಯಮವಿಲ್ಲದವರಲ್ಲ. ಆಸ್ಪತ್ರೆಗೆ, ಮಕ್ಕಳ ಶಾಲೆಗೆ, ಮಳೆ ಕೈಕೊಟ್ಟ ವರ್ಷದ ಬೀಜ ಗೊಬ್ಬರಕ್ಕೆ ಸಾಲ ಮಾಡಿದವರ ಮುಂದೆ ಸಂಯಮದ ಉಪದೇಶ ಮಾಡುವುದು ಕ್ರೂರವಾದೀತು. 1891ರಲ್ಲಿ ಪೋಪ್ ಹದಿಮೂರನೆಯ ಲಿಯೋರವರು ಬರೆದ 'ರೇರುಂ ನೊವಾರುಂ' ಎಂಬ ವಿಶ್ವಪತ್ರದಲ್ಲಿ ಉಳಿತಾಯದ ಮಾತು ಬರುತ್ತದೆ, ಆದರೆ ಅದು ನ್ಯಾಯವಾದ ಕೂಲಿಯ ಮಾತಿನ ಅನಂತರ ಬರುತ್ತದೆ. ಕುಟುಂಬವನ್ನು ಸಾಕುವಷ್ಟು ಕೂಲಿ ದೊರೆತಾಗ ಕೆಲಸಗಾರನು ಮಿತವ್ಯಯದಿಂದ ಸ್ವಲ್ಪ ಉಳಿಸಿ ತನ್ನದೆಂಬ ಆಸ್ತಿ ಮಾಡಿಕೊಳ್ಳಬಹುದು ಎಂಬುದು ಅವರ ತರ್ಕ. ಮನೆಗೆಲಸದವರ, ತೋಟದಾಳುಗಳ ಸಂಬಳವನ್ನು ತಿಂಗಳ ಹದಿನೈದರವರೆಗೆ ತಳ್ಳುವವರು, ಅವರು ಮುಂಗಡ ಕೇಳಿದಾಗ ಮಿತವ್ಯಯದ ಪಾಠ ಹೇಳುವುದು ಚೆನ್ನಲ್ಲ.

ಸಾಲದಲ್ಲಿ ಮುಳುಗಿದವರಿಗೆ ಪವಿತ್ರಗ್ರಂಥದಲ್ಲಿ ಒಂದು ಸುಂದರವಾದ ಕಥೆ ಇದೆ (2 ಅರಸುಗಳು 4:1-7). ಒಬ್ಬ ವಿಧವೆ ಪ್ರವಾದಿ ಎಲೀಷನ ಬಳಿ ಅಳುತ್ತಾ ಬರುತ್ತಾಳೆ. ಗಂಡ ಭಕ್ತನಾಗಿದ್ದ, ಸಾಲ ಉಳಿಸಿ ಸತ್ತ. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದಾನೆ. ಎಲೀಷನು ಮೊದಲು ಕೇಳುವುದು, ಮನೆಯಲ್ಲಿ ಏನಿದೆ ಎಂದು. ಒಂದು ಕುಪ್ಪಿ ಎಣ್ಣೆಯ ಹೊರತು ಏನೂ ಇಲ್ಲ. ನೆರೆಯವರಿಂದ ಬರಿದಾದ ಪಾತ್ರೆಗಳನ್ನು ತಂದು ಎಣ್ಣೆ ಹೊಯ್ಯಲು ಹೇಳುತ್ತಾನೆ, ಪಾತ್ರೆಗಳೆಲ್ಲ ತುಂಬುತ್ತವೆ. ಅದ್ಭುತವನ್ನು ಕಂಡ ಅವಳು ಓಡಿಬಂದಾಗ ಎಲೀಷ ಹೇಳುವ ಕ್ರಮವನ್ನು ಗಮನಿಸಿ: ಎಣ್ಣೆ ಮಾರು, ಸಾಲ ತೀರಿಸು, ಮಿಕ್ಕದ್ದರಲ್ಲಿ ನೀನೂ ಮಕ್ಕಳೂ ಬದುಕಿ. ದೇವರ ಅದ್ಭುತವೂ ಸಾಲವನ್ನು ಇಲ್ಲವಾಗಿಸಲಿಲ್ಲ, ತೀರಿಸುವ ದಾರಿಯನ್ನು ಕೊಟ್ಟಿತು. ಇನ್ನೊಂದನ್ನೂ ನೋಡಿ: ಆ ತಾಯಿ ಮುಚ್ಚಿಡಲಿಲ್ಲ. ಪ್ರವಾದಿಗೆ ಹೇಳಿದಳು, ನೆರೆಯವರ ಬಾಗಿಲಿಗೆ ಹೋದಳು.

ನಮ್ಮ ಮನೆಗಳಲ್ಲಿ ಸಾಲಕ್ಕಿಂತ ಸಾಲದ ಗುಟ್ಟು ಹೆಚ್ಚು ಹಾನಿ ಮಾಡುತ್ತಿದೆ. ಗಂಡನ ಸಾಲ ಹೆಂಡತಿಗೆ ಗೊತ್ತಿಲ್ಲ, ಹೆಂಡತಿ ಸಂಘದಲ್ಲಿ ತೆಗೆದದ್ದು ಗಂಡನಿಗೆ ಗೊತ್ತಿಲ್ಲ, ಇಬ್ಬರದೂ ಮಕ್ಕಳಿಗೆ ಗೊತ್ತಾಗುವುದು ವಸೂಲಿಯವರು ಬಾಗಿಲಿಗೆ ಬಂದಾಗ. 2025ರ ಆರಂಭದಲ್ಲಿ ಕಿರುಸಾಲದ ವಸೂಲಿ ಕಿರುಕುಳ ತಾಳಲಾರದೆ ಜೀವ ಕಳೆದುಕೊಂಡವರ ಸುದ್ದಿಗಳನ್ನು ನಮ್ಮ ರಾಜ್ಯದಲ್ಲಿ ಎಲ್ಲರೂ ಓದಿದೆವು. ಆ ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ತಂದಿತು, ಮುಂದೆ ಅದು ಶಾಸನವಾಯಿತು. ಸಾಲಗಾರರನ್ನು ಬೆದರಿಸಿ, ಹಿಂಸಿಸಿ ವಸೂಲಿ ಮಾಡುವವರಿಗೆ ಹತ್ತು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಯಾರಾದರೂ ಹೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ. ಒಂಟಿಯಾಗಿ ಹೋಗಲು ಅಂಜಿಕೆಯಾದರೆ ಗುರುಗಳನ್ನೋ ಪಾಲನಾ ಪರಿಷತ್ತಿನವರನ್ನೋ ಕರೆದುಕೊಂಡು ಹೋಗಿ. ಬದುಕೇ ಸಾಕೆನಿಸಿದ ರಾತ್ರಿಯಲ್ಲಿ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಉಚಿತ ಮಾನಸಿಕ ನೆರವಿನ ಸಹಾಯವಾಣಿ. ನಮ್ಮ ಗುರುನಿವಾಸದ ಬಾಗಿಲನ್ನೂ ಯಾವ ಹೊತ್ತಿನಲ್ಲಾದರೂ ತಟ್ಟಿ. ಸಾಲ ಎಷ್ಟೇ ಇರಲಿ, ಅದಕ್ಕೆ ಜೀವ ಈಡಲ್ಲ.

ಕುಳಿತು ಲೆಕ್ಕ ಹಾಕುವುದು

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತುಕೊಂಡು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸುಸ್ವಾಮಿ ಕೇಳುತ್ತಾರೆ (ಲೂಕ 14:28). 'ಕುಳಿತುಕೊಂಡು' ಎಂಬ ಪದ ನಮಗೆ ಇಷ್ಟ. ನಿಂತ ನಿಲುವಿನಲ್ಲಿ, ಅಂಗಡಿಯ ಮುಂದೆ, ಹಬ್ಬದ ಹಿಂದಿನ ದಿನ ಮಾಡುವ ಲೆಕ್ಕ ಲೆಕ್ಕವಲ್ಲ. ವಿಭೂತಿ ಬುಧವಾರದ ರಾತ್ರಿ, ಜಪಸರವಾದ ಮೇಲೆ, ಗಂಡ ಹೆಂಡತಿ ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಲಿ. ಮೊದಲ ಪುಟದಲ್ಲಿ ಯಾರಿಗೆ ಎಷ್ಟು ಕೊಡಬೇಕು, ಎಷ್ಟು ಬಡ್ಡಿಗೆ ಎಂಬುದನ್ನು ಒಂದೂ ಬಿಡದೆ ಬರೆಯಲಿ: ಬ್ಯಾಂಕು, ಸಂಘ, ಗಿರವಿ, ಕೈಸಾಲ, ಅಂಗಡಿಯ ಬಾಕಿ. ಮೊದಲ ಸಲ ಇದು ಕಷ್ಟ, ಜಗಳವೂ ಆಗಬಹುದು. ಆಗಲಿ, ಒಮ್ಮೆ ಬರೆದು ಮುಗಿಸಿದರೆ ಎದುರಿಗಿರುವುದು ಎಷ್ಟೆಂದು ಇಬ್ಬರಿಗೂ ತಿಳಿಯುತ್ತದೆ. ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸುವುದು ಲಾಭ. ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯವಿರುವ ಕುಟುಂಬಕ್ಕೆ ಕಿರುಸಾಲ ಕೊಡುವಾಗ ಅದರ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿದೆ. ಅದು ಸಾಲ ಕೊಡುವವರಿಗೆ ಹಾಕಿದ ಮಿತಿ. ಒಂದು ಮನೆಗೆ ಅರ್ಧವೂ ಬಹಳ ಹೆಚ್ಚೇ ಎಂದು ನಮ್ಮ ಅನಿಸಿಕೆ. ಜಾಮೀನಿಗೆ ಸಹಿ ಹಾಕುವ ಮುನ್ನ ಜ್ಞಾನೋಕ್ತಿಗಳ 6ನೆಯ ಅಧ್ಯಾಯವನ್ನು ಓದಿ.

ಉಳಿಸುವುದಕ್ಕೆ ದೊಡ್ಡ ಮೊತ್ತ ಬೇಕಾಗಿಲ್ಲ. ಪಿಗ್ಮಿ ಕಟ್ಟುವುದನ್ನು ನಾಡಿಗೆ ಕಲಿಸಿದ್ದು ನಮ್ಮ ಕರಾವಳಿಯೇ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಕೂಡಿಸಿಕೊಳ್ಳಲು ಆರಂಭಿಸಿತು. ಅದಕ್ಕೂ ಮೊದಲು, 1912ರಲ್ಲೇ, ಮಂಗಳೂರಿನ ಕಥೋಲಿಕರು ತಮ್ಮದೇ ಸಹಕಾರಿ ಬ್ಯಾಂಕನ್ನು ಕಟ್ಟಿದ್ದರು. ಇಟಲಿಯ ಪೆರೂಜಿಯಾದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಬಡವರನ್ನು ಬಡ್ಡಿಕೋರರಿಂದ ಬಿಡಿಸಲು 1462ರಲ್ಲೇ ಕಡಿಮೆ ಖರ್ಚಿನ ಗಿರವಿ ನಿಧಿಯನ್ನು ಸ್ಥಾಪಿಸಿದ್ದರು. ದಿನಕ್ಕೆ 50 ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 18,250. ಎರಡು ವರ್ಷಕ್ಕೆ 36,500. ಮಗಳ ಹಬ್ಬ ಎರಡು ವರ್ಷದ ಮುಂಚೆಯೇ ಗೊತ್ತಿರುತ್ತದೆ. ಆ 36,500ರಲ್ಲಿ ಎಷ್ಟು ಆಗುತ್ತದೋ ಅಷ್ಟು ಹಬ್ಬ. ಅದೇ ನಮ್ಮ ಜೋಡಿ ಬೆಳವಕ್ಕಿ. ಕೂಡಿಟ್ಟದ್ದನ್ನು ನೋಂದಣಿಯಿಲ್ಲದ ಚೀಟಿಗೆ, ಎರಡೇ ವರ್ಷದಲ್ಲಿ ದುಪ್ಪಟ್ಟು ಎನ್ನುವವರ ಕೈಗೆ ಹಾಕಬೇಡಿ. ಬ್ಯಾಂಕಿನ ಠೇವಣಿಗೆ 2020ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆಯಿದೆ, ಚೀಟಿ ನಡೆಸುವವನ ಮಾತಿಗೆ ಯಾವ ವಿಮೆಯೂ ಇಲ್ಲ.

ಹರಕೆಯ ವಿಷಯವನ್ನೂ ಹೇಳಿಬಿಡೋಣ. ವೇಳಾಂಗಣಿಗೆ ಮನೆಮಂದಿಯೆಲ್ಲ ಹೋಗಿಬರುತ್ತೇವೆಂದು ಹರಕೆ ಹೊತ್ತು, ಸಾಲ ಮಾಡಿ ವಾಹನ ಗೊತ್ತುಮಾಡುವವರಿದ್ದಾರೆ. ಕೊಟ್ಟಷ್ಟಕ್ಕೆ ದೇವರು ಹತ್ತುಪಟ್ಟು ಹಿಂದಿರುಗಿಸುತ್ತಾರೆಂದು ಬೋಧಿಸುವವರ ಮಾತಿಗೆ ಮರುಳಾಗಿ ಸಾಲದ ಹಣವನ್ನೇ ಕಾಣಿಕೆ ಹಾಕುವವರೂ ಇದ್ದಾರೆ. ಕಾಣಿಕೆ ಪೆಟ್ಟಿಗೆಯ ಬಳಿ ಕುಳಿತಿದ್ದ ಯೇಸು ಮೆಚ್ಚಿದ ವಿಧವೆ ಹಾಕಿದ್ದು ಎರಡು ಕಾಸು, ತನ್ನದೇ ಕಾಸು (ಲೂಕ 21:1-4). ಮಾತೆಯವರು ಮಕ್ಕಳನ್ನು ಸಾಲಕ್ಕೆ ಸಿಕ್ಕಿಸಿ ತಮ್ಮ ಬಳಿಗೆ ಕರೆಸಿಕೊಳ್ಳುವವರಲ್ಲ. ಹರಕೆಯನ್ನು ಸರಳವಾಗಿ ತೀರಿಸಲು ನಿಮ್ಮ ಗುರುಗಳೊಡನೆ ಮಾತನಾಡಿ, ಅದಕ್ಕೆ ದಾರಿಯಿದೆ.

ಸಂಯಮದಿಂದ ಉಳಿದ ಹಣ ಎಲ್ಲಿಗೆ ಹೋಗಬೇಕು? ತಪಸ್ಸುಕಾಲದಲ್ಲಿ ಮನೆಮನೆಗೂ ಕಾಣಿಕೆಯ ಡಬ್ಬಿಗಳನ್ನು ಕೊಡುತ್ತೇವೆ. ಶುಕ್ರವಾರ ಮಾಂಸ ಬಿಟ್ಟ ಹಣ, ಬಿಟ್ಟ ಸಿಗರೇಟಿನ ಹಣ, ಮಕ್ಕಳ ಚಾಕೊಲೇಟಿನ ಹಣ ಅದರಲ್ಲಿ ಬಿದ್ದು ಬಡವರಿಗೆ ತಲುಪಬೇಕೆಂಬುದು ಉದ್ದೇಶ. ಸಾಲವಿಲ್ಲದ ಮನೆಯವರು ಅದನ್ನು ಧಾರಾಳವಾಗಿ ತುಂಬಿಸಲಿ, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯಂಥ ಸೇವಾಸಂಘಗಳಿರುವ ಕಡೆ ಅವುಗಳಿಗೂ ಕೈಜೋಡಿಸಲಿ. "ಫಾದರ್, ನಮಗೇ ಸಾಲ ಇದೆಯಲ್ಲ, ನಾವು ಡಬ್ಬಿಗೆ ಹಾಕದಿದ್ದರೆ ಪಾಪವೇ?" ಎಂದು ಕೇಳುವವರಿಗೆ ನಮ್ಮ ಉತ್ತರ ಎಲೀಷನದೇ. ಮೊದಲು ಸಾಲ ತೀರಿಸಿ. ಪರರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು ನ್ಯಾಯ, ಅದೂ ದೇವರ ಸೇವೆಯೇ. ಮಕ್ಕಳ ಕೈಯಿಂದ ಮಾತ್ರ ವಾರಕ್ಕೊಂದು ರೂಪಾಯಿಯನ್ನಾದರೂ ಆ ಡಬ್ಬಿಗೆ ಹಾಕಿಸಿ. ಗರಿಗಳ ಭಾನುವಾರದ ಹಿಂದಿನ ರಾತ್ರಿ ನೋಟ್‌ಬುಕ್ ತೆರೆದು, ನಲವತ್ತು ದಿನದಲ್ಲಿ ಮೊದಲ ಪುಟದ ಮೊತ್ತ ಎಷ್ಟು ಇಳಿಯಿತೆಂದು ಗಂಡ ಹೆಂಡತಿ ಮತ್ತೆ ಕುಳಿತು ನೋಡಿ. ಲೆಕ್ಕ ಕೂಡದಿದ್ದರೆ, ಬಡ್ಡಿಯ ಕಾಗದಗಳು ಅರ್ಥವಾಗದಿದ್ದರೆ, ಭಾನುವಾರ ಪೂಜೆಯಾದ ಮೇಲೆ ಅವನ್ನು ಹಿಡಿದುಕೊಂಡು ಗುರುನಿವಾಸಕ್ಕೆ ಬನ್ನಿ. ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು ನಮ್ಮ ಧರ್ಮಕೇಂದ್ರಗಳಲ್ಲೇ ಇದ್ದಾರೆ, ಕೇಳಿದರೆ ಬಂದು ಕುಳಿತು ನೋಡಿಕೊಡುತ್ತಾರೆ.